ವಿಂಡೋಗಳನ್ನು ಅವುಗಳ ಜಾಗಕ್ಕೆ ಕಳುಹಿಸುವುದು: ಐ3 ವಿಂಡೋ ಮ್ಯಾನೇಜರ್ ವಿಮರ್ಶೆ

ಲಿನಕ್ಸ್‌ನಂಥ ವ್ಯವಸ್ಥೆಗಳಲ್ಲಿ ವಿಂಡೋಗಳನ್ನು ಪರದೆಯ ಮೇಲೆ ಜೋಡಿಸಿಡುವ ಐ3 ವಿಂಡೋ ಮ್ಯಾನೇಜರನ್ನು ನಾನು ಹಲವು ವರ್ಷಗಳಿಂದ ದಿನವಿಡೀ ಬಳಸುತ್ತಿದ್ದೇನೆ. ಅದರ ವೇಗ, ಹಗುರತನ, ಅಚ್ಚುಕಟ್ಟುತನಗಳ ಬಗ್ಗೆ ಬೇಕಾದಷ್ಟು ಬರಹಗಳಿವೆ. ಹಾಗಾಗಿ ಈ ವಿಮರ್ಶೆಯಲ್ಲಿ ಅದರ ಒಂದೇ ಒಂದು ಗುಣವನ್ನು ಪರೀಕ್ಷಿಸುತ್ತೇನೆ: ಇಂಥ ತಂತ್ರಾಂಶದ ವಿಂಡೋ ಇಂಥ ವರ್ಕ್‌ಸ್ಪೇಸ್‌ನಲ್ಲೇ (ಸಂಖ್ಯೆಯಿಂದಲೋ ಹೆಸರಿನಿಂದಲೋ ಕರೆಯುವ, ಬೇರೊಂದು ಪರದೆಯಂಥ ಜಾಗ) ತೆರೆಯಬೇಕೆಂದು ಮೊದಲೇ ಹೇಳಿಟ್ಟರೆ, ಅದು ಆ ಮಾತನ್ನು ಎಷ್ಟರಮಟ್ಟಿಗೆ ನಡೆಸಿಕೊಡುತ್ತದೆ?

ಇದು ಸಣ್ಣ ವಿಷಯವೆಂದು ಕಂಡೀತು. ಒಂದರ ಮೇಲೊಂದು ಹಾಸುವ ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ಅದು ನಿಜಕ್ಕೂ ಸಣ್ಣದೇ, ಏಕೆಂದರೆ ಅಲ್ಲಿ ತಪ್ಪು ಜಾಗದಲ್ಲಿ ತೆರೆದ ವಿಂಡೋವನ್ನು ಪಕ್ಕಕ್ಕೆ ಸರಿಸಿದರೆ ಮುಗಿಯಿತು. ಐ3 ಅನುಸರಿಸುವ ಟೈಲಿಂಗ್‌ನಲ್ಲಿ, ಅಂದರೆ ವಿಂಡೋಗಳನ್ನು ಹೆಂಚುಗಳಂತೆ ಪಕ್ಕಪಕ್ಕ ಜೋಡಿಸುವ ಪದ್ಧತಿಯಲ್ಲಿ, ಹಾಗಲ್ಲ. ಪರದೆಯ ಪ್ರತಿ ಅಂಗುಲವೂ ಆಗಲೇ ಹಂಚಿಹೋಗಿರುವುದರಿಂದ ಕರೆಯದೆ ಬಂದ ಒಂದು ವಿಂಡೋ ಉಳಿದ ವಿಂಡೋಗಳ ಅಳತೆಯನ್ನೆಲ್ಲ ಕದಡುತ್ತದೆ: ಎಡಿಟರ್ ಅರ್ಧಕ್ಕೆ ಕುಗ್ಗುತ್ತದೆ, ಅದರಲ್ಲಿದ್ದ ಸಾಲುಗಳು ಮುರಿದು ಮಡಚಿಕೊಳ್ಳುತ್ತವೆ, ಓದುತ್ತಿದ್ದ ಸಾಲು ಕಣ್ಣಿನಿಂದ ಜಾರಿಹೋಗುತ್ತದೆ. ಬೆರಳುಗಳಿಗೂ ಒಂದು ನೆನಪಿರುತ್ತದೆ. ಮಾಡ್ ಕೀಲಿಯ (ಐ3ರ ಆದೇಶಗಳಿಗೆಂದು ಆಯ್ದುಕೊಂಡ ಕೀಲಿ) ಜೊತೆ 2 ಒತ್ತಿದರೆ ಬ್ರೌಸರ್, 3 ಒತ್ತಿದರೆ ಎಡಿಟರ್ ಎಂದು ಕೈ ಕಲಿತ ಮೇಲೆ, ಒಂದು ದಿನ 3ರಲ್ಲಿ ಬ್ರೌಸರ್ ಕುಳಿತಿದ್ದರೆ ಆ ದಿನವಿಡೀ ಮನಸ್ಸು ಅದನ್ನೇ ಹುಡುಕುತ್ತಿರುತ್ತದೆ.

ಮೈಕಲ್ ಸ್ಟಾಪೆಲ್‌ಬರ್ಗ್ ಅವರು ಆರಂಭಿಸಿದ ಐ3 ಮೊದಲು ಬಿಡುಗಡೆಯಾದದ್ದು 2009ರಲ್ಲಿ. ಸಿ ಭಾಷೆಯಲ್ಲಿ, ಎಕ್ಸ್‌ಸಿಬಿ ಎಂಬ ಲೈಬ್ರರಿಯನ್ನು ಆಧರಿಸಿ ಬರೆದ ಈ ತಂತ್ರಾಂಶದ ಸೆಟ್ಟಿಂಗ್‌ಗಳೆಲ್ಲ ಒಂದೇ ಸರಳ ಪಠ್ಯ ಫೈಲಿನಲ್ಲಿರುತ್ತವೆ. ವರ್ಕ್‌ಸ್ಪೇಸ್‌ಗಳು ಬೇಕಾದಾಗ ಹುಟ್ಟುತ್ತವೆ, ಖಾಲಿಯಾಗಿ ಕಣ್ಣಿಗೆ ಮರೆಯಾದೊಡನೆ ಇಲ್ಲವಾಗುತ್ತವೆ. ಈ ಕೊನೆಯ ಗುಣ ನಮ್ಮ ವಿಷಯಕ್ಕೆ ಮುಖ್ಯವಾದುದು, ಏಕೆಂದರೆ ಅಸ್ತಿತ್ವದಲ್ಲೇ ಇಲ್ಲದ ವರ್ಕ್‌ಸ್ಪೇಸ್‌ಗೆ ವಿಂಡೋವನ್ನು ಕಳುಹಿಸಿದರೂ ಐ3 ಆ ಕ್ಷಣದಲ್ಲಿ ಅದನ್ನು ಸೃಷ್ಟಿಸಿ ವಿಂಡೋವನ್ನು ಅಲ್ಲಿಟ್ಟುಬಿಡುತ್ತದೆ.

ಕಳುಹಿಸುವ ಕೆಲಸಕ್ಕಿರುವ ಮುಖ್ಯ ನಿಯಮದ ಹೆಸರು ‘ಅಸೈನ್’. ಚೌಕ ಆವರಣದೊಳಗೆ ವಿಂಡೋದ ಗುರುತು, ಅದರ ಮುಂದೆ ವರ್ಕ್‌ಸ್ಪೇಸ್‌ನ ಹೆಸರು. ಒಂದು ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಇದರ ಹಿರಿಮೆಯಿರುವುದು ಅದು ಜಾರಿಯಾಗುವ ಹೊತ್ತಿನಲ್ಲಿ: ವಿಂಡೋ ಪರದೆಯ ಮೇಲೆ ಕಾಣಿಸಿಕೊಳ್ಳುವ ಮೊದಲೇ ಐ3 ಅದರ ಗುರುತನ್ನು ಓದಿ, ಸೇರಬೇಕಾದ ಜಾಗವನ್ನು ನಿರ್ಧರಿಸಿರುತ್ತದೆ. ನೀವಿರುವ ವರ್ಕ್‌ಸ್ಪೇಸ್‌ನಲ್ಲಿ ಏನೂ ಮಿನುಗುವುದಿಲ್ಲ, ಯಾವ ವಿಂಡೋವೂ ಕುಗ್ಗುವುದಿಲ್ಲ. ಒಂದಕ್ಕಿಂತ ಹೆಚ್ಚು ಅಸೈನ್ ಸಾಲುಗಳು ಒಂದೇ ವಿಂಡೋಗೆ ಹೊಂದಿದರೆ ಫೈಲಿನಲ್ಲಿ ಮೊದಲು ಬಂದ ಸಾಲೇ ಗೆಲ್ಲುತ್ತದೆ, ಮುಂದಿನವುಗಳನ್ನು ಐ3 ನೋಡುವುದೇ ಇಲ್ಲ. ಆದ್ದರಿಂದ ವಿಶೇಷ ನಿಯಮಗಳನ್ನು ಮೇಲೆಯೂ ಸಾಮಾನ್ಯ ನಿಯಮಗಳನ್ನು ಕೆಳಗೂ ಬರೆಯಬೇಕು.

ಹೊಸಬರು ಬಹುತೇಕ ತಪ್ಪದೆ ಎಡವುವ ಒಂದು ಕಲ್ಲು ಇಲ್ಲಿದೆ. ವರ್ಕ್‌ಸ್ಪೇಸ್‌ಗೆ ‘2: ಜಾಲ’ ಎಂದು ಹೆಸರಿಟ್ಟುಕೊಂಡು, ಅಸೈನ್ ಸಾಲಿನಲ್ಲಿ ಬರಿಯ 2 ಎಂದು ಬರೆದರೆ, ಐ3ರ ಪಾಲಿಗೆ ಅವೆರಡೂ ಬೇರೆ ಬೇರೆ ವರ್ಕ್‌ಸ್ಪೇಸ್‌ಗಳು. ಪರದೆಯ ಅಂಚಿನಲ್ಲಿ ವರ್ಕ್‌ಸ್ಪೇಸ್‌ಗಳನ್ನು ತೋರಿಸುವ ಪಟ್ಟಿಯಲ್ಲಿ ‘2’ ಮತ್ತು ‘2: ಜಾಲ’ ಅಕ್ಕಪಕ್ಕ ನಿಲ್ಲುತ್ತವೆ, ಬ್ರೌಸರ್ ತಪ್ಪು ಮನೆ ಸೇರಿರುತ್ತದೆ. ಸಂಖ್ಯೆಯ ಮುಂದೆ ‘ನಂಬರ್’ ಎಂಬ ಪದವನ್ನು ಸೇರಿಸಿ ಬರೆದರೆ ಐ3 ಹೆಸರಿನ ಆರಂಭದ ಅಂಕಿಯನ್ನು ಮಾತ್ರ ಹೋಲಿಸುತ್ತದೆ, ಮುಂದೆ ಹೆಸರನ್ನು ಎಷ್ಟು ಸಲ ಬದಲಾಯಿಸಿದರೂ ನಿಯಮ ಕೆಡುವುದಿಲ್ಲ. ಈ ಒಂದು ಪದ ಪೂರ್ವನಿಯೋಜಿತವಾಗಿ ಇರಬೇಕಿತ್ತೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಇನ್ನು ಗುರುತಿನ ವಿಚಾರ. ಇಡೀ ವ್ಯವಸ್ಥೆ ನಿಲ್ಲುವುದೂ ಬೀಳುವುದೂ ಇಲ್ಲಿಯೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಪರದೆಯ ಮೇಲೆ ವಿಂಡೋಗಳನ್ನು ಮೂಡಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11ರಲ್ಲಿ ಪ್ರತಿ ವಿಂಡೋ ತನ್ನ ಮೇಲೆ ‘ಡಬ್ಲ್ಯುಎಂ ಕ್ಲಾಸ್’ ಎಂಬ ಚೀಟಿಯನ್ನು ಅಂಟಿಸಿಕೊಂಡು ಬರಬೇಕು. ಆ ಚೀಟಿಯಲ್ಲಿ ಎರಡು ಪದಗಳಿರುತ್ತವೆ: ಮೊದಲನೆಯದು ಇನ್‌ಸ್ಟೆನ್ಸ್, ಎರಡನೆಯದು ಕ್ಲಾಸ್. ಟರ್ಮಿನಲ್‌ನಲ್ಲಿ ಎಕ್ಸ್‌ಪ್ರಾಪ್ ಎಂಬ ಕಮಾಂಡ್ ಕೊಟ್ಟರೆ ಮೌಸ್‌ನ ಗುರುತು ಕೂಡುಚಿಹ್ನೆಯಾಗುತ್ತದೆ. ಅದನ್ನು ಬೇಕಾದ ವಿಂಡೋ ಮೇಲೆ ಒತ್ತಿದರೆ ಚೀಟಿಯಲ್ಲಿರುವುದೆಲ್ಲ ಟರ್ಮಿನಲ್‌ನಲ್ಲಿ ಅಚ್ಚಾಗುತ್ತದೆ. ಫೈರ್‌ಫಾಕ್ಸ್‌ನ ಮೇಲೆ ಒತ್ತಿದರೆ ಇನ್‌ಸ್ಟೆನ್ಸ್ ಜಾಗದಲ್ಲಿ ‘ನ್ಯಾವಿಗೇಟರ್’ ಎಂದೂ ಕ್ಲಾಸ್ ಜಾಗದಲ್ಲಿ ‘ಫೈರ್‌ಫಾಕ್ಸ್’ ಎಂದೂ ಕಾಣುತ್ತದೆ. ಮೊದಲ ಪದವನ್ನೇ ಕ್ಲಾಸ್ ಎಂದುಕೊಂಡು ನಿಯಮ ಬರೆದು, ಅದೇಕೆ ಕೆಲಸ ಮಾಡುತ್ತಿಲ್ಲವೆಂದು ಒಂದು ಸಂಜೆಯನ್ನು ಕಳೆದವರಲ್ಲಿ ನಾನೂ ಒಬ್ಬ.

ಐ3 ಈ ಪದಗಳನ್ನು ಪರ್ಲ್ ಮಾದರಿಯ ರೆಗ್ಯುಲರ್ ಎಕ್ಸ್‌ಪ್ರೆಶನ್ (ಹುಡುಕಬೇಕಾದ ಅಕ್ಷರಗಳ ಮಾದರಿಯನ್ನು ಹೇಳುವ ಸೂತ್ರ) ಆಗಿ ಹೋಲಿಸುತ್ತದೆ. ಇದರಿಂದ ಎರಡು ಪರಿಣಾಮಗಳಾಗುತ್ತವೆ. ಮೊದಲಲ್ಲಿ ಕ್ಯಾರೆಟ್ ಚಿಹ್ನೆ, ಕೊನೆಯಲ್ಲಿ ಡಾಲರ್ ಚಿಹ್ನೆ ಇಟ್ಟು ಪದವನ್ನು ಬಿಗಿಯದಿದ್ದರೆ, ಆ ಅಕ್ಷರಗಳು ಹೆಸರಿನೊಳಗೆ ಎಲ್ಲಿದ್ದರೂ ನಿಯಮ ಅನ್ವಯವಾಗುತ್ತದೆ; ‘ಕೋಡ್’ ಎಂದು ಬರೆದ ಸಾಲು ಆ ಪದವನ್ನು ಹೆಸರಿನ ಭಾಗವಾಗಿ ಹೊತ್ತ ಮತ್ತೊಂದು ತಂತ್ರಾಂಶವನ್ನೂ ಎಳೆದೊಯ್ಯುತ್ತದೆ. ಎರಡನೆಯದಾಗಿ, ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. ಕ್ಲಾಸ್‌ನ ಮೊದಲ ಅಕ್ಷರ ಒಂದು ಆವೃತ್ತಿಯಲ್ಲಿ ದೊಡ್ಡದಿದ್ದು ಮುಂದಿನ ಆವೃತ್ತಿಯಲ್ಲಿ ಸಣ್ಣದಾದರೆ ನಿಯಮ ಸದ್ದಿಲ್ಲದೆ ಸತ್ತುಹೋಗುತ್ತದೆ. ಅಕ್ಷರಭೇದವನ್ನು ಕಡೆಗಣಿಸು ಎಂದು ಎಕ್ಸ್‌ಪ್ರೆಶನ್‌ನ ಆರಂಭದಲ್ಲೇ ಹೇಳುವ ಸೌಲಭ್ಯವಿದೆ, ನಾನು ಈಗ ಎಲ್ಲ ಸಾಲುಗಳಲ್ಲೂ ಅದನ್ನು ಬಳಸುತ್ತೇನೆ. ಆದರೂ ಒಂದು ನಿಯಮ ದಿನಗಟ್ಟಲೆ ಯಾವ ವಿಂಡೋಗೂ ಹೊಂದದೆ ಉಳಿದರೆ ಅದನ್ನು ತಿಳಿಸುವ ವ್ಯವಸ್ಥೆ ಐ3ರಲ್ಲಿ ಇಲ್ಲ. ಇದು ಅದರ ನಿಜವಾದ ಕೊರತೆ.

ಗುರುತಿಗಾಗಿ ವಿಂಡೋದ ಶೀರ್ಷಿಕೆಯನ್ನೂ ಬಳಸಬಹುದು, ಆದರೆ ಬಳಸಬಾರದು. ಅನೇಕ ತಂತ್ರಾಂಶಗಳು ಮೊದಲು ವಿಂಡೋವನ್ನು ತೆರೆದು ಅನಂತರ ಶೀರ್ಷಿಕೆಯನ್ನು ತುಂಬುತ್ತವೆ. ಐ3 ನೋಡುವ ಕ್ಷಣದಲ್ಲಿ ಅಲ್ಲಿ ಬೇರೆಯೇ ಹೆಸರಿರುತ್ತದೆ ಅಥವಾ ಏನೂ ಇರುವುದಿಲ್ಲ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಸಂದೇಶ ಕಳುಹಿಸುವ ಒಂದು ತಂತ್ರಾಂಶವನ್ನು 9ನೇ ವರ್ಕ್‌ಸ್ಪೇಸ್‌ಗೆ ಕಳುಹಿಸಲು ಶೀರ್ಷಿಕೆಯ ಮೇಲೆ ನಿಯಮ ಬರೆದಿದ್ದೆ. ಒಂದು ದಿನ ನನ್ನ ಪರದೆಯನ್ನು ಸಹೋದ್ಯೋಗಿಗಳ ಜೊತೆ ಹಂಚಿಕೊಂಡು ಒಂದು ವರದಿಯನ್ನು ವಿವರಿಸುತ್ತಿದ್ದಾಗ, ಆ ತಂತ್ರಾಂಶ ಕುಸಿದು ತಾನಾಗಿ ಮತ್ತೆ ತೆರೆದುಕೊಂಡಿತು. ಶೀರ್ಷಿಕೆ ಇನ್ನೂ ಬಂದಿರಲಿಲ್ಲವಾಗಿ ನಿಯಮ ಹೊಂದಲಿಲ್ಲ. ವರದಿಯ ಪಕ್ಕದಲ್ಲೇ ಪರದೆಯ ಅರ್ಧ ಭಾಗವನ್ನು ತುಂಬಿಕೊಂಡು ನನ್ನ ಖಾಸಗಿ ಸಂಭಾಷಣೆ ಎಲ್ಲರ ಮುಂದೆ ತೆರೆದುಕೊಂಡಿತು. ನನ್ನನ್ನು ನಂಬಿ ಬರೆದವರ ಮಾತುಗಳು ಅದರಲ್ಲಿದ್ದವು. ಆ ಸಂಜೆಯೇ ಶೀರ್ಷಿಕೆಯನ್ನು ಆಧರಿಸಿದ ಎಲ್ಲ ನಿಯಮಗಳನ್ನು ಅಳಿಸಿ ಕ್ಲಾಸ್‌ನ ಮೇಲೆ ಬರೆದೆ.

ಕ್ಲಾಸ್‌ನಲ್ಲೂ ಇದೇ ತೊಂದರೆ ಕೊಡುವ ಕೆಲವು ತಂತ್ರಾಂಶಗಳಿವೆ: ಅವು ಬರಿಗೈಯಲ್ಲಿ ಪರದೆಗೆ ಬಂದು, ತುಸು ತಡವಾಗಿ ಚೀಟಿ ಅಂಟಿಸಿಕೊಳ್ಳುತ್ತವೆ. ಇಲ್ಲಿ ತಪ್ಪು ಐ3ರದಲ್ಲ. ಎಕ್ಸ್‌ನ ತಂತ್ರಾಂಶಗಳು ಪರಸ್ಪರ ಹೇಗೆ ನಡೆದುಕೊಳ್ಳಬೇಕೆಂದು ಹೇಳುವ ಐಸಿಸಿಸಿಎಂ ದಾಖಲೆಯ ಪ್ರಕಾರ, ವಿಂಡೋ ಕಾಣಿಸಿಕೊಳ್ಳುವ ಹೊತ್ತಿಗೆ ಈ ಚೀಟಿ ಇರಲೇಬೇಕು. ಒಪ್ಪಂದವನ್ನು ಮುರಿದವರಿಗಾಗಿ ಐ3 ಇಟ್ಟಿರುವ ಉಪಾಯ ‘ಫಾರ್ ವಿಂಡೋ’ ಎಂಬ ಎರಡನೇ ಬಗೆಯ ನಿಯಮ. ವಿಂಡೋದ ಗುರುತು ಬದಲಾದಾಗಲೂ ಇದು ಮತ್ತೊಮ್ಮೆ ಹೋಲಿಸಿ ನೋಡುತ್ತದೆ, ಹೊಂದಿದಾಗ ನೀವು ಹೇಳಿದ ಯಾವುದೇ ಆದೇಶವನ್ನು, ಇಲ್ಲಿ ‘ಇಂಥ ವರ್ಕ್‌ಸ್ಪೇಸ್‌ಗೆ ಸರಿಸು’ ಎಂಬುದನ್ನು, ನಡೆಸುತ್ತದೆ. ಆದರೆ ಅಷ್ಟರಲ್ಲಿ ವಿಂಡೋ ನಿಮ್ಮೆದುರು ಒಮ್ಮೆ ತೆರೆದಿರುತ್ತದೆ, ಉಳಿದವು ಒಮ್ಮೆ ಕುಗ್ಗಿ ಮತ್ತೆ ಹಿಗ್ಗಿರುತ್ತವೆ. ಅಸೈನ್ ಸಾಧ್ಯವಿರುವ ಕಡೆ ಫಾರ್ ವಿಂಡೋ ಬಳಸುವುದನ್ನು ನಾನು ಒಪ್ಪುವುದಿಲ್ಲ.

ಕಳುಹಿಸಿದ ಮೇಲೆ ಗಮನ ಎಲ್ಲಿರಬೇಕೆಂಬ ಪ್ರಶ್ನೆಗೆ ಐ3 ಕೊಟ್ಟಿರುವ ಉತ್ತರ ನನಗೆ ಅತ್ಯಂತ ಪ್ರಿಯವಾದುದು. ಅಸೈನ್ ನಿಯಮದಿಂದ ವಿಂಡೋ ಬೇರೆಡೆ ತೆರೆದರೆ ನೀವು ನಿಂತಲ್ಲೇ ಇರುತ್ತೀರಿ. ಆ ವರ್ಕ್‌ಸ್ಪೇಸ್‌ನ ಗುಂಡಿ ಮಾತ್ರ ಪಟ್ಟಿಯಲ್ಲಿ ಕೆಂಪಾಗಿ, ಅಲ್ಲಿ ಹೊಸದೊಂದು ಬಂದಿದೆ ಎಂದು ತಿಳಿಸುತ್ತದೆ. ಬರೆಯುತ್ತಿರುವವನ ಕೈಯನ್ನು ಹಿಡಿದೆಳೆಯದೆ ಸುದ್ದಿಯನ್ನಷ್ಟೇ ಮುಟ್ಟಿಸುವ ಈ ಸೌಜನ್ಯವನ್ನು ನಾನು ಬೇರೆ ಡೆಸ್ಕ್‌ಟಾಪ್‌ಗಳಲ್ಲಿ ವಿರಳವಾಗಿ ಕಂಡಿದ್ದೇನೆ. ಹೊಸ ವಿಂಡೋ ಜೊತೆಗೆ ತಾವೂ ಹೋಗಬೇಕೆನ್ನುವವರು ಅದೇ ಗುರುತಿಗೆ ‘ಫೋಕಸ್’ ಎಂಬ ಆದೇಶವುಳ್ಳ ಫಾರ್ ವಿಂಡೋ ಸಾಲೊಂದನ್ನು ಸೇರಿಸಿಕೊಂಡರೆ ಸಾಕು.

ಒಂದೇ ತಂತ್ರಾಂಶದ ಎರಡು ವಿಂಡೋಗಳನ್ನು ಎರಡು ಕಡೆ ಕಳುಹಿಸಬೇಕಾದಾಗ ಚೀಟಿಯ ಮೊದಲ ಪದ ನೆರವಿಗೆ ಬರುತ್ತದೆ. ನಾನು ಸರ್ವರ್‌ಗಳ ಲಾಗ್ ನೋಡುವ ಟರ್ಮಿನಲ್ 5ರಲ್ಲಿ ಇರಬೇಕು, ಉಳಿದ ಟರ್ಮಿನಲ್‌ಗಳು ಎಲ್ಲಿ ಬೇಕಾದರೂ ತೆರೆಯಲಿ ಎಂದಿಟ್ಟುಕೊಳ್ಳಿ. ಟರ್ಮಿನಲ್‌ಗಳ ಪೈಕಿ ಎಕ್ಸ್‌ಟರ್ಮ್‌ಗೆ ‘ನೇಮ್’ ಎಂಬ ಆಯ್ಕೆಯಿಂದ, ಅಲಾಕ್ರಿಟಿ ಮತ್ತು ಕಿಟ್ಟಿಗಳಿಗೆ ‘ಕ್ಲಾಸ್’ ಎಂಬ ಆಯ್ಕೆಯಿಂದ, ತೆರೆಯುವಾಗಲೇ ಬೇರೆ ಹೆಸರು ಕೊಡಬಹುದು. ಆ ಹೆಸರಿನ ಮೇಲೆ ಅಸೈನ್ ಬರೆದರೆ ಲಾಗ್‌ಗಳು ತಮ್ಮ ಮನೆಯಲ್ಲಿ ಇರುತ್ತವೆ. ಫೈಲ್ ಉಳಿಸುವಾಗ ತೆರೆಯುವ ಸಣ್ಣ ಪೆಟ್ಟಿಗೆಗಳೂ ಮುಖ್ಯ ವಿಂಡೋದ ಕ್ಲಾಸನ್ನೇ ಹೊತ್ತಿರುತ್ತವೆ ಎಂಬುದನ್ನು ಮರೆಯಬಾರದು. ಮುಖ್ಯ ವಿಂಡೋವನ್ನು ನೀವು ಕೈಯಾರೆ ಬೇರೆ ವರ್ಕ್‌ಸ್ಪೇಸ್‌ಗೆ ಒಯ್ದಿದ್ದರೆ ಪೆಟ್ಟಿಗೆ ಹಳೆಯ ಜಾಗಕ್ಕೆ ಹೋಗಿ ನಿಮಗಾಗಿ ಕಾಯುತ್ತಿರುತ್ತದೆ. ನಿಯಮದಲ್ಲಿ ವಿಂಡೋದ ಬಗೆ ‘ನಾರ್ಮಲ್’ ಆಗಿರಬೇಕೆಂಬ ಷರತ್ತನ್ನು ಸೇರಿಸಿದರೆ ಇದು ತಪ್ಪುತ್ತದೆ.

ಲಾಗಿನ್ ಆದೊಡನೆ ಎಲ್ಲವೂ ತಂತಮ್ಮ ಜಾಗದಲ್ಲಿ ತೆರೆದುಕೊಳ್ಳಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕಾಗಿ ಬಹುಮಂದಿ ಬರೆಯುವುದು ಹೀಗೆ: ಮೊದಲು 3ನೇ ವರ್ಕ್‌ಸ್ಪೇಸ್‌ಗೆ ಹೋಗು, ಎಡಿಟರ್ ತೆರೆ, ಆಮೇಲೆ 2ಕ್ಕೆ ಹೋಗು, ಬ್ರೌಸರ್ ತೆರೆ. ಓದಲು ಇದು ಸರಿಯಾಗಿಯೇ ಇದೆ, ನಡೆಯುವಾಗ ಕೆಡುತ್ತದೆ. ಐ3 ತಂತ್ರಾಂಶವನ್ನು ಆರಂಭಿಸಿ ಮುಂದಿನ ಆದೇಶಕ್ಕೆ ಹೋಗುತ್ತದೆಯೇ ಹೊರತು ಅದರ ವಿಂಡೋ ಬರುವವರೆಗೆ ಕಾಯುವುದಿಲ್ಲ. ಎಡಿಟರ್ ಕಣ್ಣು ಬಿಡುವ ಹೊತ್ತಿಗೆ ನೀವು 2ರಲ್ಲಿರುತ್ತೀರಿ. ನಡುವೆ ಎರಡು ಸೆಕೆಂಡು ನಿಲ್ಲುವಂತೆ ಬರೆಯುವವರಿದ್ದಾರೆ. ಡಿಸ್ಕ್ ನಿಧಾನವಾದ ದಿನ ಆ ಎರಡು ಸೆಕೆಂಡು ಸಾಲುವುದಿಲ್ಲ.

ಇದಕ್ಕೆ ಐ3ರಲ್ಲಿ ಒಂದು ಸೊಗಸಾದ ವ್ಯವಸ್ಥೆಯಿದೆ, ಅದನ್ನು ಸ್ಟಾರ್ಟಪ್ ನೋಟಿಫಿಕೇಶನ್ ಎನ್ನುತ್ತಾರೆ. ಎಕ್ಸೆಕ್ ಆದೇಶದಿಂದ ತಂತ್ರಾಂಶವನ್ನು ಆರಂಭಿಸುವಾಗ ಐ3 ಅದಕ್ಕೊಂದು ಗುರುತಿನ ಸಂಖ್ಯೆ ಕೊಟ್ಟು, ಆಗ ನೀವು ಯಾವ ವರ್ಕ್‌ಸ್ಪೇಸ್‌ನಲ್ಲಿ ಇದ್ದಿರೆಂಬುದನ್ನು ಬರೆದಿಟ್ಟುಕೊಳ್ಳುತ್ತದೆ. ತಂತ್ರಾಂಶ ಆ ಸಂಖ್ಯೆಯನ್ನು ಮರಳಿ ತೋರಿಸಿದರೆ, ಅಷ್ಟರಲ್ಲಿ ನೀವು ಎಲ್ಲಿಗೇ ಹೋಗಿದ್ದರೂ ವಿಂಡೋ ಹೊರಟ ಜಾಗದಲ್ಲೇ ತೆರೆಯುತ್ತದೆ. ಜಿಟಿಕೆ ಮತ್ತು ಕ್ಯೂಟಿ ಎಂಬ ಲೈಬ್ರರಿಗಳನ್ನು ಬಳಸುವ ಬಹುತೇಕ ತಂತ್ರಾಂಶಗಳು ಇದನ್ನು ಪಾಲಿಸುತ್ತವೆ. ಪಾಲಿಸದವುಗಳನ್ನು ಹೀಗೆ ಆರಂಭಿಸಿದರೆ ಮೌಸ್‌ನ ಗುರುತು 60 ಸೆಕೆಂಡು ಗಡಿಯಾರವಾಗಿಯೇ ಉಳಿಯುತ್ತದೆ. ಅದರಿಂದ ಬೇಸತ್ತು ಎಲ್ಲ ಎಕ್ಸೆಕ್ ಸಾಲುಗಳಿಗೂ ‘ನೋ ಸ್ಟಾರ್ಟಪ್ ಐಡಿ’ ಎಂಬ ಆಯ್ಕೆಯನ್ನು ಅಂಟಿಸುವವರು ತಮಗರಿವಿಲ್ಲದೆ ಈ ಸೌಲಭ್ಯವನ್ನೇ ಕಳೆದುಕೊಳ್ಳುತ್ತಾರೆ. ಒಂದು ವಿಂಡೋಗೆ ಇದೂ ಇದ್ದು ಅಸೈನ್ ನಿಯಮವೂ ಇದ್ದರೆ ಅಸೈನ್‌ನ ಮಾತೇ ನಡೆಯುತ್ತದೆ, ಅದು ಸರಿಯಾದ ಕ್ರಮ.

ವಿಂಡೋ ಯಾವ ವರ್ಕ್‌ಸ್ಪೇಸ್‌ನಲ್ಲಿ ಎಂಬುದಷ್ಟೇ ಅಲ್ಲದೆ ಯಾವ ಮೂಲೆಯಲ್ಲಿ, ಎಷ್ಟು ಅಗಲದಲ್ಲಿ ಎಂಬುದೂ ಮುಖ್ಯವಾದವರಿಗೆ ವಿನ್ಯಾಸವನ್ನು ಉಳಿಸಿ ಮರಳಿ ತರುವ ಸೌಲಭ್ಯವಿದೆ. ಈಗಿರುವ ಜೋಡಣೆಯನ್ನು ಜೇಸನ್ ಎಂಬ ಪಠ್ಯರೂಪದ ಫೈಲಾಗಿ ಉಳಿಸಿಕೊಂಡು ಮುಂದೆ ಲೋಡ್ ಮಾಡಿದರೆ ಖಾಲಿ ಚೌಕಟ್ಟುಗಳು ಪರದೆಯ ಮೇಲೆ ಮೂಡಿ, ಹೊಂದುವ ವಿಂಡೋ ಬಂದಂತೆ ಒಂದೊಂದಾಗಿ ತುಂಬಿಕೊಳ್ಳುತ್ತವೆ. ಉಳಿಸಿದ ಫೈಲಿನಲ್ಲಿ ಗುರುತಿನ ಸಾಲುಗಳು ಟಿಪ್ಪಣಿಗಳಾಗಿರುತ್ತವೆ, ಬೇಕಾದವುಗಳನ್ನು ನಾವೇ ತೆರೆದು ತಿದ್ದಬೇಕು. ನಾನು ಇದನ್ನು ಒಂದು ವರ್ಕ್‌ಸ್ಪೇಸ್‌ಗೆ ಮಾತ್ರ ಬಳಸುತ್ತೇನೆ. ಎಲ್ಲದಕ್ಕೂ ಬಳಸುವಷ್ಟು ಸುಲಭವಾಗಿಲ್ಲ.

ಎಕ್ಸ್11ರ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಗೆ ಹೋಗಬಯಸುವವರು ಅಲ್ಲಿನ ಸ್ವೇ ಎಂಬ ವಿಂಡೋ ಮ್ಯಾನೇಜರ್ ಬಗ್ಗೆ ಕೇಳುತ್ತಾರೆ. ಐ3ರ ಸೆಟ್ಟಿಂಗ್ ಫೈಲನ್ನೇ ಓದುವಂತೆ ಕಟ್ಟಿದ ಸ್ವೇ 2019ರಲ್ಲಿ 1.0 ಆವೃತ್ತಿಯನ್ನು ತಲುಪಿತು. ಅಸೈನ್ ಮತ್ತು ಫಾರ್ ವಿಂಡೋ ಅಲ್ಲಿಯೂ ಇವೆ. ಆದರೆ ವೇಲ್ಯಾಂಡ್‌ನಲ್ಲಿ ಡಬ್ಲ್ಯುಎಂ ಕ್ಲಾಸ್ ಎಂಬ ಚೀಟಿಯೇ ಇಲ್ಲ, ಅದರ ಬದಲು ‘ಆಪ್ ಐಡಿ’ ಎಂಬ ಒಂದೇ ಪದವಿದೆ. ಎಕ್ಸ್‌ವೇಲ್ಯಾಂಡ್ ಎಂಬ ಸೇತುವೆಯ ಮೂಲಕ ಬರುವ ಹಳೆಯ ತಂತ್ರಾಂಶಗಳಿಗೆ ಮಾತ್ರ ಕ್ಲಾಸ್ ಉಳಿದಿರುತ್ತದೆ. ಹೀಗಾಗಿ ಒಂದೇ ತಂತ್ರಾಂಶ ಇಂದು ಕ್ಲಾಸ್‌ನಿಂದಲೂ, ಅದು ವೇಲ್ಯಾಂಡ್‌ಗೆ ಬದಲಾದ ದಿನದಿಂದ ಆಪ್ ಐಡಿಯಿಂದಲೂ ಗುರುತಿಸಬೇಕಾದುದಾಗುತ್ತದೆ. ಎರಡಕ್ಕೂ ಒಂದೊಂದು ಸಾಲು ಬರೆದಿಟ್ಟುಕೊಳ್ಳುವುದೇ ಕ್ಷೇಮ. ವಿನ್ಯಾಸ ಮರಳಿ ತರುವ ಸೌಲಭ್ಯ ಸ್ವೇಯಲ್ಲಿ ಇಲ್ಲ. ಆ ಒಂದು ಕಾರಣಕ್ಕೆ ನಾನಿನ್ನೂ ಐ3ರಲ್ಲೇ ಇದ್ದೇನೆ.

ಉಳಿದ ವಿಂಡೋ ಮ್ಯಾನೇಜರ್‌ಗಳೊಡನೆ ಹೋಲಿಸುವಾಗ ಡಿಡಬ್ಲ್ಯುಎಂ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ನಿಯಮಗಳು ಮೂಲಸಂಕೇತದ ಒಂದು ಪಟ್ಟಿಯಲ್ಲಿರುತ್ತವೆ, ಪ್ರತಿ ಬದಲಾವಣೆಗೂ ಮತ್ತೆ ಕಂಪೈಲ್ ಮಾಡಬೇಕು. ಅದರ ಟ್ಯಾಗ್ ಪದ್ಧತಿಯಲ್ಲಿ ಒಂದು ವಿಂಡೋ ಏಕಕಾಲಕ್ಕೆ ಎರಡು ಕಡೆ ಇರಬಲ್ಲದು ಎಂಬುದು ವಿಶೇಷ. ಎಕ್ಸ್‌ಮೊನಾಡ್‌ನ ನಿಯಮಗಳು ಹ್ಯಾಸ್ಕೆಲ್ ಭಾಷೆಯ ಪೂರ್ಣ ಶಕ್ತಿಯನ್ನು ಪಡೆದಿವೆ, ಆ ಭಾಷೆಯನ್ನು ಬಲ್ಲವರಿಗೆ ಅದು ಸಮೃದ್ಧಿ. ನನಗೆ ನಿಜವಾಗಿ ಆಸೆ ಹುಟ್ಟಿಸಿದ್ದು ಬಿಎಸ್‌ಪಿಡಬ್ಲ್ಯುಎಂ. ಅದರಲ್ಲಿ ಒಂದೇ ಸಲ ಜಾರಿಯಾಗಿ ತಾನಾಗಿ ಅಳಿದುಹೋಗುವ ನಿಯಮವನ್ನು ಬರೆಯಬಹುದು. ‘ಮುಂದೆ ತೆರೆಯುವ ಟರ್ಮಿನಲ್ 4ಕ್ಕೆ ಹೋಗಲಿ, ಅದರ ನಂತರದವು ಎಂದಿನಂತೆ ತೆರೆಯಲಿ’ ಎಂಬ ಮಾತನ್ನು ಅಲ್ಲಿ ಒಂದೇ ಸಾಲಿನಲ್ಲಿ ಹೇಳಬಹುದು. ಲಾಗಿನ್ ಆದಾಗ ಒಮ್ಮೆ ಜೋಡಿಸಿ, ಆಮೇಲೆ ದಿನವಿಡೀ ಸ್ವತಂತ್ರವಾಗಿ ಕೆಲಸ ಮಾಡಬಯಸುವವರಿಗೆ ಬೇಕಾದದ್ದು ಇದೇ.

ಐ3ರಲ್ಲಿ ಆ ಮಾತು ಇಲ್ಲದಿರುವುದರಿಂದ ಅದನ್ನು ನಾನೇ ಕಟ್ಟಿಕೊಂಡಿದ್ದೇನೆ. ಹೊಸ ವಿಂಡೋ ಬಂದಾಗಲೆಲ್ಲ ಐ3 ತನ್ನ ಸಾಕೆಟ್‌ನ (ಬೇರೆ ತಂತ್ರಾಂಶಗಳ ಜೊತೆ ಮಾತಾಡುವ ದಾರಿ) ಮೂಲಕ ಸುದ್ದಿ ಕೊಡುತ್ತದೆ. ಪೈಥಾನ್‌ನಲ್ಲಿ ಬರೆದ ಇಪ್ಪತ್ತು ಸಾಲುಗಳ ಒಂದು ಸ್ಕ್ರಿಪ್ಟ್ ಆ ಸುದ್ದಿಯನ್ನು ಕೇಳುತ್ತಾ, ತನ್ನ ಪಟ್ಟಿಯಲ್ಲಿರುವ ಕ್ಲಾಸ್ ಮೊದಲ ಬಾರಿಗೆ ಬಂದಾಗ ವಿಂಡೋವನ್ನು ಹೇಳಿದ ವರ್ಕ್‌ಸ್ಪೇಸ್‌ಗೆ ಸರಿಸಿ ಆ ಹೆಸರನ್ನು ಪಟ್ಟಿಯಿಂದ ತೆಗೆಯುತ್ತದೆ. ಪಟ್ಟಿ ಖಾಲಿಯಾದೊಡನೆ ತಾನೂ ಮುಗಿಯುತ್ತದೆ. ಸುದ್ದಿ ಬರುವುದು ವಿಂಡೋ ತೆರೆದ ಮೇಲಾದ್ದರಿಂದ ಅಸೈನ್‌ನ ನಿಶ್ಶಬ್ದತೆ ಇದಕ್ಕಿಲ್ಲ, ಪರದೆ ಒಮ್ಮೆ ಮಿನುಗುತ್ತದೆ. ಆದರೆ ಅದು ಲಾಗಿನ್ ಆದ ಮೊದಲ ಅರ್ಧ ನಿಮಿಷದಲ್ಲಿ, ನಾನಿನ್ನೂ ಯಾವ ಸಾಲನ್ನೂ ಓದತೊಡಗದ ಹೊತ್ತಿನಲ್ಲಿ ಆಗಿಹೋಗಿರುತ್ತದೆ.